‘ಬೇಡ’ ಎನ್ನುವವರಿಗೂ ಒಂದು ಕಾಲಂ ಇರಲಿ

ತೆಲಂಗಾಣದ ಶಾಲಾ ಶಿಕ್ಷಣ ನಿರ್ದೇಶಕರಿಗೆ,

ಮಾನ್ಯರೇ,

ನಾನು ಮಿಯಾಪುರದಲ್ಲಿ ನೆಲೆಸಿರುವ ಕನ್ನಡದ ತಾಯಿ. ತೆಲುಗು ಪ್ರತಿಯನ್ನು ತಮ್ಮ ಕಚೇರಿಗೆ ಬೇರೆ ಕಳಿಸಿದ್ದೇನೆ. ಇಲ್ಲಿರುವ ನಮ್ಮವರೂ ಓದಲೆಂದು ಇದು ಕನ್ನಡದಲ್ಲಿದೆ.

ಮಗಳ ಶಾಲೆಯಿಂದ ‘ಅಪಾರ್’ ಸಂಖ್ಯೆಗೆ ಒಪ್ಪಿಗೆ ಪತ್ರ ಬಂತು. ನಾಳೆಯೇ ಸಹಿ ಹಾಕಿ ಕಳಿಸಿ ಎಂದು ವಾಟ್ಸಾಪ್ ಗುಂಪಿನಲ್ಲಿ ತಾಕೀತು. ಹನ್ನೆರಡು ಅಂಕಿಯ ಈ ಸಂಖ್ಯೆ ಮಗುವಿನ ಆಧಾರ್‌ಗೆ ತಳಕು ಹಾಕಿಕೊಂಡು ಅಂಕಪಟ್ಟಿಗಳನ್ನು ಡಿಜಿಲಾಕರ್‌ನಲ್ಲಿ ಜೋಪಾನ ಮಾಡುತ್ತದಂತೆ. ಅನುಕೂಲವೇ ಇರಬಹುದು. ಆದರೆ ಮಾಹಿತಿ ಯಾರ್ಯಾರಿಗೆ ಹೋಗಬಹುದು ಎಂಬ ಪಟ್ಟಿಯಲ್ಲಿ ನೇಮಕಾತಿ ಸಂಸ್ಥೆಗಳೂ ಇವೆ. ಮೂರನೇ ತರಗತಿಯ ಹುಡುಗಿಗೆ ಈಗಲೇ ಎಂಥ ನೌಕರಿ ಸ್ವಾಮಿ?

ಇದು ಐಚ್ಛಿಕವೆಂದು ಕೇಂದ್ರ ಶಿಕ್ಷಣ ಸಚಿವಾಲಯವೇ ಹೇಳಿದೆ. ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯಬಹುದೆಂದು ಆ ಪತ್ರದಲ್ಲೇ ಇದೆ. ಬೇಡವೆಂದರೆ ಎಲ್ಲಿ ಗುರುತು ಹಾಕಬೇಕೆಂದು ಶಾಲೆಯ ಗುಮಾಸ್ತರನ್ನು ಕೇಳಿದೆ. ‘ಅಂಥ ಕಾಲಂ ಇಲ್ಲ ಮೇಡಂ, ಮೇಲಿನವರು ನೂರಕ್ಕೆ ನೂರು ಕೇಳ್ತಿದಾರೆ’ ಎಂದರು. ಗುಮಾಸ್ತರ ಮೇಲೆ ನನಗೆ ಕೋಪವಿಲ್ಲ. ನೂರಕ್ಕೆ ನೂರು ಗುರಿ ಇಟ್ಟಮೇಲೆ ಒಪ್ಪಿಗೆ ಕೇಳುವುದು ಬರೀ ಶಾಸ್ತ್ರ.

ನಮ್ಮವರ ಪಾಡು ಇನ್ನೊಂದು. ಇಲ್ಲಿನ ಶಾಲಾ ದಾಖಲೆಯಲ್ಲಿ ಇಂಟಿಪೇರು (ಮನೆತನದ ಹೆಸರು) ಮೊದಲು, ಮಗುವಿನ ಹೆಸರು ಆಮೇಲೆ. ಕರ್ನಾಟಕದಲ್ಲಿ ಮಾಡಿಸಿದ ಆಧಾರ್‌ನಲ್ಲಿ ಹೆಸರು ಮೊದಲು, ಇನಿಷಿಯಲ್ ಕೊನೆಗೆ. ಎರಡೂ ತಾಳೆಯಾಗದಿದ್ದರೆ ಸಂಖ್ಯೆ ಹುಟ್ಟುವುದಿಲ್ಲ. ರಜೆ ಹಾಕಿ ಆಧಾರ್ ಕೇಂದ್ರಕ್ಕೆ ಅಲೆಯುವವರು ನಾವು. ಐಚ್ಛಿಕ ಕೆಲಸಕ್ಕೆ ಇಷ್ಟೊಂದು ಓಡಾಟ!

ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಕ್ಕೊರಲಿನಿಂದ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಲ್ಲಿ. ಅದೇ ಮೊಕದ್ದಮೆಯ 2018ರ ಸೆಪ್ಟೆಂಬರ್ 26ರ ತೀರ್ಪು, ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯ ಮಾಡುವಂತಿಲ್ಲ, ಮಕ್ಕಳನ್ನು ಆಧಾರ್‌ಗೆ ಸೇರಿಸಲು ತಂದೆತಾಯಿಯ ಒಪ್ಪಿಗೆ ಬೇಕು ಎಂದಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಹದಿನೆಂಟು ತುಂಬದವರ ವಿಷಯದಲ್ಲಿ ನಮ್ಮ ಒಪ್ಪಿಗೆ ಕೇಳುತ್ತದೆ. ಅದರಲ್ಲಿ ಸರ್ಕಾರಕ್ಕೂ ಶಾಲೆಗಳಿಗೂ ನುಸುಳಲು ಕಿಂಡಿಗಳಿವೆ, ಅದು ಬೇರೆ ಮಾತು.

ತಾವು ಒಂದು ಸುತ್ತೋಲೆ ಹೊರಡಿಸಿ. ಸಹಿ ಹಾಕದವರ ಮಕ್ಕಳಿಗೆ ಪ್ರವೇಶ, ಪರೀಕ್ಷೆ, ಟಿ.ಸಿ. ಯಾವುದಕ್ಕೂ ತೊಂದರೆಯಾಗದೆಂದು ಅದರಲ್ಲಿ ಸ್ಪಷ್ಟವಾಗಿ ಬರೆಯಿರಿ. ಒಪ್ಪಿದವರು ಮನಸ್ಸು ಬದಲಿಸಿದರೆ ಯಾರಿಗೆ ಅರ್ಜಿ ಕೊಡಬೇಕೆಂದು ಹೇಳಿ. ಸರ್ಕಾರಿ ಶಾಲೆಗಳಲ್ಲಿ ಮುಖ ಗುರುತಿಸುವ ಆ್ಯಪ್‌ನಿಂದ ಹಾಜರಿ ತೆಗೆದುಕೊಳ್ಳುತ್ತಿದ್ದೀರಲ್ಲ, ಆ ಮಕ್ಕಳ ಫೋಟೋಗಳನ್ನು ಎಷ್ಟು ಕಾಲ ಇಟ್ಟುಕೊಳ್ಳುತ್ತೀರಿ ಎಂಬುದನ್ನೂ ತಿಳಿಸಿ. ಅಲ್ಲಿನ ಅಪ್ಪ ಅಮ್ಮಂದಿರಿಗೆ ಪತ್ರ ಬರೆಯುವಷ್ಟು ಬಿಡುವಿಲ್ಲ.

ನಮಗೆ ಬಂದ ಒಪ್ಪಿಗೆ ಪತ್ರಕ್ಕೆ ನಾನಿನ್ನೂ ಸಹಿ ಹಾಕಿಲ್ಲ. ಸುತ್ತೋಲೆ ಬರುವವರೆಗೆ ಹಾಕುವುದೂ ಇಲ್ಲ.

ಇತಿ,
ಮಿಯಾಪುರದ ಒಬ್ಬ ತಾಯಿ