ಅರವತ್ತೈದು ತುಂಬಿದರೆ ಅಂಗವೈಕಲ್ಯ ತೀರುತ್ತದೆಯೇ?

ಕರ್ನಾಟಕದಲ್ಲಿ ಅಂಗವಿಕಲರ ಮಾಸಾಶನವೂ ವೃದ್ಧರ ಮಾಸಾಶನವೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಆದೇಶಗಳ ಮೂಲಕ ಬೆಳೆದು ಬಂದವಾದ್ದರಿಂದ, ಒಬ್ಬನೇ ಮನುಷ್ಯ ಅಂಗವಿಕಲನೂ ವೃದ್ಧನೂ ಆಗಿರಬಹುದೆಂಬ ಸರಳ ಸಂಗತಿಗೆ ಅವುಗಳಲ್ಲಿ ಜಾಗವೇ ಸಿಕ್ಕಿಲ್ಲ. 2007ರಲ್ಲಿ ಆರಂಭವಾದ ಸಂಧ್ಯಾ ಸುರಕ್ಷಾ, ಅಂದರೆ 65 ವರ್ಷ ತುಂಬಿದ ಸಣ್ಣ ಮತ್ತು ಅತಿಸಣ್ಣ ರೈತರು, ಕೃಷಿ ಕೂಲಿಗಳು, ನೇಕಾರರು ಹಾಗೂ ಅಸಂಘಟಿತ ವಲಯದ ದುಡಿಮೆಗಾರರಿಗಾಗಿ ರೂಪಿಸಿದ ಯೋಜನೆಯು, ಅಂಗವಿಕಲರ ವೇತನವೂ ಸೇರಿದಂತೆ ಬೇರೆ ಯಾವುದೇ ಪಿಂಚಣಿಯನ್ನು ಪಡೆಯುತ್ತಿರುವವರನ್ನು ಅರ್ಹತೆಯಿಂದ ಹೊರಗಿಡುತ್ತದೆ. ಹೀಗಾಗಿ 65 ತುಂಬಿದ ಅಂಗವಿಕಲ ವ್ಯಕ್ತಿಯು ಸರ್ಕಾರದ ದಾಖಲೆಯಲ್ಲಿ ಮುದುಕನಾಗಿ ಉಳಿಯಬೇಕೋ ಅಂಗವಿಕಲನಾಗಿ ಉಳಿಯಬೇಕೋ ಎಂಬುದನ್ನು ಆರಿಸಿಕೊಳ್ಳಬೇಕಾಗುತ್ತದೆ. ಇಂತಹ ಆಯ್ಕೆಯನ್ನು ಮುಂದಿಡುವುದೇ ಅನ್ಯಾಯ.

2021ರ ಜುಲೈ ಕೊನೆಯಲ್ಲಿ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರು ಪ್ರಕಟಿಸಿದ ಹೆಚ್ಚಳದಲ್ಲಿ ಸಂಧ್ಯಾ ಸುರಕ್ಷಾ ಮೊತ್ತವು 1,000 ರೂಪಾಯಿಯಿಂದ 1,200ಕ್ಕೆ ಏರಿತು; ಶೇ. 40ರಿಂದ 75ರವರೆಗಿನ ಅಂಗವೈಕಲ್ಯಕ್ಕೆ ಕೊಡುವ ಮಾಸಾಶನ 600ರಿಂದ 800ಕ್ಕೆ ಏರಿತು, ಶೇ. 75ನ್ನು ಮೀರಿದ ಅಂಗವೈಕಲ್ಯಕ್ಕೆ 1,400 ರೂಪಾಯಿ ಎಂಬ ದರವಿತ್ತು. ಈ ಮೂರು ದರಗಳನ್ನು ಪಕ್ಕಪಕ್ಕದಲ್ಲಿಟ್ಟರೆ, ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ಸೀಮೆಯಲ್ಲಿ ಪೋಲಿಯೊದಿಂದ ಒಂದು ಕಾಲು ಸೋತು ಶೇ. 60ರ ಪ್ರಮಾಣಪತ್ರ ಹೊಂದಿರುವ ಕೂಲಿಕಾರನಿಗೆ 65ರ ನಂತರವೂ 800 ರೂಪಾಯಿ ಸಿಗುವಾಗ, ಎರಡೂ ಕಾಲು ಗಟ್ಟಿಯಿರುವ ಅವನ ಓರಗೆಯವನಿಗೆ 1,200 ರೂಪಾಯಿ ಸಿಗುವುದು ಕಾಣುತ್ತದೆ. ಅವನು ಅಂಗವಿಕಲರ ವೇತನವನ್ನು ಬಿಟ್ಟುಕೊಟ್ಟು ಸಂಧ್ಯಾ ಸುರಕ್ಷಾಕ್ಕೆ ಹೋದರೆ 400 ರೂಪಾಯಿ ಹೆಚ್ಚು ಸಿಕ್ಕೀತು, ಆದರೆ ಅಂಗವೈಕಲ್ಯದ ಬಾಬ್ತು ಅವನಿಗೆ ಒಂದು ಪೈಸೆಯೂ ಉಳಿಯದು. ಹಾಸಿಗೆ ಹಿಡಿದಿರುವ, ಶೇ. 75ನ್ನು ಮೀರಿದ ಅಂಗವೈಕಲ್ಯವಿರುವ ವ್ಯಕ್ತಿ ಹಾಗೆ ಬದಲಾಯಿಸಿಕೊಂಡರೆ ತಿಂಗಳಿಗೆ 200 ರೂಪಾಯಿ ಕಳೆದುಕೊಳ್ಳುತ್ತಾನೆ.

ಇದು ಕರುಣೆಯ ಕೊರತೆಯಷ್ಟೇ ಅಲ್ಲ, ಕಾನೂನಿನ ಉಲ್ಲಂಘನೆ. 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ 24ನೇ ಪ್ರಕರಣವು ಸಾಮಾಜಿಕ ಭದ್ರತೆಯ ಯೋಜನೆಗಳನ್ನು ರೂಪಿಸುವ ಹೊಣೆಯನ್ನು ಸರ್ಕಾರಗಳ ಮೇಲೆ ಹೊರಿಸಿ, ಅದಕ್ಕೊಂದು ಪರಂತುಕವನ್ನು, ಎಂದರೆ ಮುಖ್ಯ ನಿಯಮಕ್ಕೆ ಕಟ್ಟುಪಾಡು ಹಾಕುವ ಉಪವಾಕ್ಯವನ್ನು, ಸೇರಿಸಿದೆ: ಅಂಗವಿಕಲರಿಗೆ ಕೊಡುವ ನೆರವು ಇತರರಿಗೆ ಅನ್ವಯಿಸುವ ಅಂತಹುದೇ ಯೋಜನೆಗಳ ನೆರವಿಗಿಂತ ಕನಿಷ್ಠ ಶೇ. 25ರಷ್ಟು ಹೆಚ್ಚಿರಲೇಬೇಕು. 1,200 ರೂಪಾಯಿಗೆ ಶೇ. 25 ಸೇರಿಸಿದರೆ 1,500 ಆಗುತ್ತದೆ. 800 ರೂಪಾಯಿ ಅದರ ಅರ್ಧಕ್ಕಿಂತ ತುಸು ಮೇಲೆ ನಿಲ್ಲುತ್ತದೆ; 1,400 ಕೂಡ ಅಲ್ಲಿಗೆ ಮುಟ್ಟುವುದಿಲ್ಲ.

ಚಿತ್ರದುರ್ಗ ಜಿಲ್ಲೆಯ ಮಟ್ಟಿಗೆ ಈ ಪ್ರಶ್ನೆಗೆ ವಿಶೇಷ ತೀವ್ರತೆಯಿದೆ. ಮಳೆ ಕಡಿಮೆಯಿರುವ ಈ ಬಯಲುಸೀಮೆಯಲ್ಲಿ, ಹಿರಿಯೂರು, ಹೊಸದುರ್ಗ ಭಾಗಗಳೂ ಸೇರಿದಂತೆ ಹಲವೆಡೆ, ಅಂತರ್ಜಲದಲ್ಲಿ ಫ್ಲೋರೈಡ್ ಅಂಶವು ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ದಾಟಿದೆ. ಅಂತಹ ಕೊಳವೆಬಾವಿಯ ನೀರನ್ನು ದಶಕಗಳ ಕಾಲ ಕುಡಿದವರ ಮೂಳೆಗಳಲ್ಲಿ ಫ್ಲೋರೈಡ್ ಶೇಖರಗೊಂಡು ಮೂಳೆ ಫ್ಲೋರೋಸಿಸ್ ಬರುತ್ತದೆ. ಮೊದಲು ಕೀಲುನೋವು ಕಾಣಿಸುತ್ತದೆ. ಮುಂದೆ ಬೆನ್ನುಹುರಿಯ ಸುತ್ತಲಿನ ಮೂಳೆಗಳೂ ಅಸ್ಥಿಬಂಧಗಳೂ ಗಡುಸಾಗಿ, ಕತ್ತು ತಿರುಗಿಸಲು ಇಡೀ ಮೈಯನ್ನೇ ತಿರುಗಿಸಬೇಕಾಗುತ್ತದೆ, ಕುಕ್ಕರುಗಾಲಿನಲ್ಲಿ ಕೂರಲಾಗುವುದಿಲ್ಲ, ಬಗ್ಗಿ ಕಳೆ ಕೀಳಲಾಗುವುದಿಲ್ಲ, ಬಚ್ಚಲಿಗೆ ಹೋಗಲೂ ಮತ್ತೊಬ್ಬರ ಕೈ ಬೇಕಾಗುತ್ತದೆ. ಅಧಿನಿಯಮದ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಈ ರೋಗದ ಹೆಸರಿಲ್ಲದಿದ್ದರೂ, ಅದು ತರುವ ನಿಶ್ಚಲತೆ ಚಲನವೈಕಲ್ಯದ ಅಡಿಯಲ್ಲಿ ಬರುತ್ತದೆ. ಶುದ್ಧ ಕುಡಿಯುವ ನೀರಿನ ಘಟಕಗಳು ಹಳ್ಳಿಗಳಿಗೆ ಬಂದದ್ದು ಇತ್ತೀಚೆಗೆ. ಇಂದು ಮುಪ್ಪಿನಲ್ಲಿರುವವರು ನೀರು ಕುಡಿದದ್ದು ಅದಕ್ಕೆ ಬಹಳ ಹಿಂದೆ. ಇವರಲ್ಲಿ ಮುಪ್ಪು ಎಲ್ಲಿ ಮುಗಿಯಿತು, ಅಂಗವೈಕಲ್ಯ ಎಲ್ಲಿ ಆರಂಭವಾಯಿತು ಎಂದು ಗೆರೆ ಎಳೆಯಲು ಯಾವ ವೈದ್ಯನಿಗೂ ಸಾಧ್ಯವಿಲ್ಲದಿರುವಾಗ, ಪಿಂಚಣಿ ನಿಯಮವು ಅಂತಹ ಗೆರೆಯನ್ನು ಹುಟ್ಟಿದ ದಿನಾಂಕ ನೋಡಿ ಎಳೆಯುತ್ತದೆ. ಆ ದಿನಾಂಕವಾದರೂ ಅನೇಕ ಹಳ್ಳಿಗರ ಆಧಾರ್ ಕಾರ್ಡಿನಲ್ಲಿ ಅಂದಾಜಿನ ಮೇಲೆ ನಮೂದಾದ ಜನವರಿ 1.

ಕೇಂದ್ರ ಸರ್ಕಾರದ ಯೋಜನೆಯಲ್ಲೂ ಇದೇ ದೋಷವಿದೆ. 2009ರಲ್ಲಿ ಬಂದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲರ ಪಿಂಚಣಿ ಯೋಜನೆಯಡಿ ಶೇ. 80 ಅಥವಾ ಅದಕ್ಕಿಂತ ಹೆಚ್ಚಿನ, ಇಲ್ಲವೇ ಬಹುವಿಧ ಅಂಗವೈಕಲ್ಯವಿರುವ ಬಡವರಿಗೆ 79 ವರ್ಷದವರೆಗೆ ಕೇಂದ್ರದ ಪಾಲಾಗಿ 300 ರೂಪಾಯಿ ಸಲ್ಲುತ್ತದೆ, 60 ದಾಟಿದ ಇತರ ವೃದ್ಧರಿಗೆ 200. 80 ತುಂಬಿದೊಡನೆ ಅಂಗವಿಕಲರನ್ನು ವೃದ್ಧಾಪ್ಯ ಪಿಂಚಣಿಗೆ ವರ್ಗಾಯಿಸಿ ಎಲ್ಲರಿಗೂ ಸಮನಾಗಿ 500 ಕೊಡಲಾಗುತ್ತದೆ. ಆಸರೆ ಅತಿ ಹೆಚ್ಚು ಬೇಕಾದ ವಯಸ್ಸಿನಲ್ಲಿಯೇ ವ್ಯತ್ಯಾಸವನ್ನು ಅಳಿಸಿಹಾಕುವುದು ಸಮಾನತೆಯಲ್ಲ. ಬೇರೆ ದಾರಿ ಇಲ್ಲವೆಂದೇನಲ್ಲ: ಇದೇ ದೇಶದಲ್ಲಿ ಕಾರ್ಮಿಕ ರಾಜ್ಯ ವಿಮೆ, ಅಂದರೆ ಇಎಸ್‌ಐ, ಕೆಲಸದ ಅವಘಡದಿಂದ ಶಾಶ್ವತವಾಗಿ ಅಂಗವಿಕಲನಾದ ಕಾರ್ಖಾನೆ ಕಾರ್ಮಿಕನಿಗೆ ನಿವೃತ್ತಿಯ ವಯಸ್ಸನ್ನು ಲೆಕ್ಕಿಸದೆ ಜೀವನಪರ್ಯಂತ ಪರಿಹಾರ ಕೊಡುತ್ತದೆ. ಅಮೆರಿಕದ ವಿಮಾಧಾರಿತ ಅಂಗವೈಕಲ್ಯ ವೇತನವು ನಿವೃತ್ತಿಯ ವಯಸ್ಸಿಗೆ ವೃದ್ಧಾಪ್ಯ ವೇತನವೆಂದು ಹೆಸರು ಬದಲಾಯಿಸಿಕೊಂಡರೂ ಮೊತ್ತ ಹಾಗೆಯೇ ಉಳಿಯುತ್ತದೆ. ಸಂಘಟಿತ ದುಡಿಮೆಗೆ ಸಂದ ಈ ನ್ಯಾಯ ಶೇಂಗಾ ಹೊಲದಲ್ಲಿ ದುಡಿದವರಿಗೆ ಏಕೆ ಸಲ್ಲಬಾರದು?

ವೃದ್ಧಾಪ್ಯದ ಯೋಜನೆಯೂ ಅಂಗವೈಕಲ್ಯದ ಯೋಜನೆಯೂ “ಅಂತಹುದೇ” ಯೋಜನೆಗಳಲ್ಲವೆಂಬ ವಾದ ಬರಬಹುದು. ಆದರೆ ಎರಡನ್ನೂ ನಡೆಸುವುದು ಕಂದಾಯ ಇಲಾಖೆಯ ಸಾಮಾಜಿಕ ಭದ್ರತೆ ಮತ್ತು ಪಿಂಚಣಿ ನಿರ್ದೇಶನಾಲಯ. ಎರಡರ ಅರ್ಜಿಯೂ, ಐಮಂಗಲದ್ದಾಗಲಿ ಮತ್ತೋಡಿನದ್ದಾಗಲಿ, ಆ ಹೋಬಳಿಯ ಒಂದೇ ನಾಡಕಚೇರಿಗೆ ಹೋಗುತ್ತದೆ. ಮಂಜೂರು ಮಾಡುವವರು ಅದೇ ಕಂದಾಯ ಅಧಿಕಾರಿಗಳು. ಎರಡೂ ಬಡವರಿಗೆ ತಿಂಗಳಿಗೊಮ್ಮೆ ಕೊಡುವ ನಗದು. ಇನ್ನು ಬೊಕ್ಕಸದ ಮಾತು. ಆರ್ಥಿಕ ಸಾಮರ್ಥ್ಯದ ಮಿತಿಯನ್ನು 24ನೇ ಪ್ರಕರಣವೇ ಒಪ್ಪಿಕೊಂಡಿದೆಯೆಂಬುದು ನಿಜ, ಆದರೆ ಆ ಮಾತು ಇರುವುದು ಯೋಜನೆ ರೂಪಿಸುವ ವಿಚಾರದಲ್ಲಿ. ಪರಂತುಕವು ಹೇಳುವುದು ಪ್ರಮಾಣವನ್ನು, ಮತ್ತು ಒಬ್ಬರಿಗೆ 1,200 ಕೊಡಬಲ್ಲ ಬೊಕ್ಕಸ ಅವರಿಗಿಂತ ಹೆಚ್ಚು ಕಷ್ಟದಲ್ಲಿರುವವರಿಗೆ 800 ಮಾತ್ರ ಕೊಡುವುದನ್ನು ಸಾಮರ್ಥ್ಯದ ಕೊರತೆ ಎನ್ನಲಾಗದು. ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತದಲ್ಲ ಎಂಬ ಸಮಾಧಾನವೂ ನಿಲ್ಲುವುದಿಲ್ಲ, ಏಕೆಂದರೆ ಅದು ಮನೆಯ ಯಜಮಾನಿಗೆ ಸಲ್ಲುವ ಹಣ, ಅಂಗವಿಕಲ ಪುರುಷನಿಗೆ ಸಿಗುವುದಿಲ್ಲ, ಅಂಗವಿಕಲ ಮಹಿಳೆಗೂ ಇತರರಿಗಿಂತ ಹೆಚ್ಚಾಗಿ ಸಿಗುವುದಿಲ್ಲ.

ಆಗಬೇಕಾದದ್ದು ಸ್ಪಷ್ಟವಾಗಿದೆ. 65 ತುಂಬಿದ ಪ್ರತಿಯೊಬ್ಬ ಅಂಗವಿಕಲ ಮಾಸಾಶನದಾರರ ಮೊತ್ತವನ್ನು, ಹೊಸ ಅರ್ಜಿಯನ್ನೂ ಹೊಸ ವೈದ್ಯಕೀಯ ಪ್ರಮಾಣಪತ್ರವನ್ನೂ ಕೇಳದೆ, ಸಂಧ್ಯಾ ಸುರಕ್ಷಾದ ಮೊತ್ತಕ್ಕೆ ಕನಿಷ್ಠ ಶೇ. 25 ಸೇರಿಸಿ ಮರುನಿಗದಿಪಡಿಸುವ ಸರ್ಕಾರಿ ಆದೇಶ ಹೊರಡಬೇಕು. ಸರ್ಕಾರ ತಾನಾಗಿ ಮುಂದಾಗದಿದ್ದರೆ, ಅಧಿನಿಯಮಕ್ಕೆ ವಿರುದ್ಧವಾದ ಯೋಜನೆಗಳನ್ನು ಸ್ವಯಂಪ್ರೇರಿತವಾಗಿಯೇ ಗುರುತಿಸಿ ತಿದ್ದುಪಡಿಗೆ ಶಿಫಾರಸು ಮಾಡುವ ಅಧಿಕಾರ ಅದೇ ಅಧಿನಿಯಮದಡಿ ನೇಮಕವಾಗುವ ಅಂಗವಿಕಲರ ರಾಜ್ಯ ಆಯುಕ್ತರಿಗಿದೆ. ಅಂಗವಿಕಲರು ಹಕ್ಕಿನಿಂದ ವಂಚಿತರಾದ ವಿಚಾರದಲ್ಲಿ ಆಯುಕ್ತರು ಮಾಡುವ ಶಿಫಾರಸು ತಲುಪಿದ ಮೂರು ತಿಂಗಳೊಳಗೆ ಸರ್ಕಾರ ಏನು ಕ್ರಮ ಕೈಗೊಂಡಿತೆಂದು ತಿಳಿಸಬೇಕು, ಒಪ್ಪದಿದ್ದರೆ ಕಾರಣವನ್ನು ಕೊಡಬೇಕು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಅಂಗವಿಕಲರ ಸಂಘಗಳು ಈ ದೂರನ್ನು ಒಟ್ಟಾಗಿ ಆಯುಕ್ತರ ಮುಂದಿಡುವುದಕ್ಕೆ ಯಾವ ಅಡ್ಡಿಯೂ ಇಲ್ಲ.