ಟವರ್‌ಗೆ ಮೊದಲು, ಕ್ಯಾಂಪ್‌ಗೆ ಕೊನೆಗೆ: ಗಲ್ಫ್ ಕಟ್ಟಡಗಳ ಹಸಿರು ಲೆಕ್ಕ

ದುಬೈನ ಲೆಕ್ಕಪತ್ರ ವಿಭಾಗಗಳಿಗೆ ಈಗ ಹೊಸದೊಂದು ಕೆಲಸ ಬಂದಿದೆ. ಸಂಬಳ, ಬಾಡಿಗೆ, ವ್ಯಾಟ್ ಲೆಕ್ಕದ ಜತೆಗೆ ಕಂಪನಿಯ ಪ್ರತಿ ಕಟ್ಟಡ ಎಷ್ಟು ಕರೆಂಟ್ ಬಳಸುತ್ತದೆ, ಅದರಿಂದ ಎಷ್ಟು ಇಂಗಾಲ ಗಾಳಿಗೆ ಸೇರುತ್ತದೆ ಎಂಬುದನ್ನೂ ನಾವು ಬರೆದಿಡಬೇಕು. ಯುಎಇಯ 2024ರ ಹವಾಮಾನ ಕಾನೂನು 2025ರ ಮೇ 30ರಿಂದ ಜಾರಿಯಲ್ಲಿದ್ದು, ಫ್ರೀ ಝೋನ್ ಕಂಪನಿಗಳಿಗೂ ವಿನಾಯಿತಿ ಇಲ್ಲ. ಉಲ್ಲಂಘನೆಗೆ 50 ಸಾವಿರದಿಂದ 20 ಲಕ್ಷ ದಿರ್ಹಾಂವರೆಗೆ ದಂಡವಿದೆ. ಅಳೆದ ಮೇಲೆ ಕಡಿಮೆಯೂ ಮಾಡಬೇಕು. ಆಗ ಏಳುವ ಪ್ರಶ್ನೆ: ಹತ್ತಾರು ಕಟ್ಟಡಗಳಿದ್ದರೆ ಮೊದಲು ಯಾವುದಕ್ಕೆ ದುಡ್ಡು ಹಾಕುವುದು?

ಊರಿನಲ್ಲಿರುವ ನಿಮಗೆ ಇದು ದೂರದ ಸಂಗತಿ ಎನ್ನಿಸಬಹುದು. ಆದರೆ ಆ ಕಟ್ಟಡಗಳ ಪಟ್ಟಿಯಲ್ಲಿ ಗಾಜಿನ ಟವರ್, ಗೋದಾಮು, ವಿಲ್ಲಾಗಳ ಜತೆಗೆ ಅಲ್ ಕೂಜ್‌ನಲ್ಲೋ ಸೋನಾಪುರದಲ್ಲೋ ಇರುವ ಲೇಬರ್ ಕ್ಯಾಂಪ್ ಕೂಡ ಇರುತ್ತದೆ. ನಿಮ್ಮ ಮಗ, ತಮ್ಮ, ಯಜಮಾನರು ರಾತ್ರಿ ಮಲಗುವುದು ಅಲ್ಲಿ. ಪಟ್ಟಿಯಲ್ಲಿ ಅದರ ಸರದಿ ಎಷ್ಟನೆಯದು ಎಂಬುದೇ ಇಲ್ಲಿನ ವಿಷಯ.

ಮೊದಲ ಹೆಜ್ಜೆ ಸುಲಭ. ಹನ್ನೆರಡು ತಿಂಗಳ ವಿದ್ಯುತ್ ಬಿಲ್ ತೆಗೆದು ಕಟ್ಟಡದ ಚದರ ಮೀಟರ್‌ನಿಂದ ಭಾಗಿಸಿದರೆ ಯಾವುದು ಹೆಚ್ಚು ತಿನ್ನುತ್ತಿದೆ ಎಂದು ಗೊತ್ತಾಗುತ್ತದೆ. ಜನವರಿಯ ಬಿಲ್ಲನ್ನೂ ಆಗಸ್ಟ್‌ನ ಬಿಲ್ಲನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ತಂಪು ಮಾಡುವುದಕ್ಕೇ ಎಷ್ಟು ಹೋಗುತ್ತಿದೆ ಎಂಬ ಅಂದಾಜೂ ಸಿಗುತ್ತದೆ. (ಕ್ಯಾಂಪ್‌ಗೂ ಗೋದಾಮಿಗೂ ಒಂದೇ ಮೀಟರ್ ಇದ್ದರೆ ಮಾತ್ರ ಬೇರ್ಪಡಿಸುವುದರಲ್ಲೇ ಅರ್ಧ ತಿಂಗಳು ಕಳೆದುಹೋಗುತ್ತದೆ.) ಇಲ್ಲೇ ಮೊದಲ ತಪ್ಪು ನುಸುಳುವುದು. ಚದರ ಮೀಟರ್ ಲೆಕ್ಕದಲ್ಲಿ ಕ್ಯಾಂಪ್ ದುಂದುಗಾರನಂತೆ ಕಾಣುತ್ತದೆ, ಏಕೆಂದರೆ ಸಣ್ಣ ಜಾಗದಲ್ಲಿ ಜನ ಹೆಚ್ಚು. ಅದೇ ಬಿಲ್ಲನ್ನು ತಲೆಗೆ ಹಂಚಿ ನೋಡಿದರೆ ಮೂವರಿರುವ ವಿಲ್ಲಾದ ಮುಂದೆ ಅದು ಏನೂ ಅಲ್ಲ. ಎರಡೂ ಅಂಕಿ ಬರೆಯದೆ ಪಟ್ಟಿ ಮೇಲಕ್ಕೆ ಕಳುಹಿಸಬಾರದು.

ಖರ್ಚೇ ಇಲ್ಲದ ಕೆಲಸಗಳಲ್ಲಿ ಚರ್ಚೆಗೆ ಜಾಗವಿಲ್ಲ. ಕಚೇರಿ ಎಸಿಯನ್ನು 24 ಡಿಗ್ರಿಗೆ ಇಡುವುದು, ಫಿಲ್ಟರ್ ತೊಳೆಸುವುದು, ರಾತ್ರಿ ಖಾಲಿ ಮಹಡಿಗಳಲ್ಲಿ ಆಫ್ ಮಾಡುವುದು, ಇವು ನಾಳೆಯೇ ಆಗಬೇಕಾದವು. ಜಗಳ ಶುರುವಾಗುವುದು ಬಂಡವಾಳ ಬೇಕಾದಲ್ಲಿ.

ಕಂಪನಿಗಳು ಸಾಮಾನ್ಯವಾಗಿ ನೋಡುವುದು ಹಾಕಿದ ದುಡ್ಡು ಎಷ್ಟು ದಿನದಲ್ಲಿ ವಾಪಸ್ ಬರುತ್ತದೆ ಎಂದು. ಒಂದು ಉದಾಹರಣೆ. ದುಬೈ ವಿದ್ಯುತ್ ಮತ್ತು ಜಲ ಪ್ರಾಧಿಕಾರದ, ನಾವೆಲ್ಲ 'ದೇವಾ' ಎನ್ನುವ ಸಂಸ್ಥೆಯ, ದರ ಬಳಕೆ ಹೆಚ್ಚಿದಂತೆ ಏರುತ್ತದೆ. ಮೇಲಿನ ಸ್ಲ್ಯಾಬ್‌ನಲ್ಲಿ ಯೂನಿಟ್‌ಗೆ 38 ಫಿಲ್ಸ್, ಇಂಧನ ಸರ್‌ಚಾರ್ಜ್ ಬೇರೆ. ಟವರ್‌ನ ಪಾರ್ಕಿಂಗ್‌ನಲ್ಲಿ ಹಗಲಿರುಳು ಉರಿಯುವ 36 ವ್ಯಾಟ್‌ನ ಟ್ಯೂಬ್ ಬದಲು 18 ವ್ಯಾಟ್‌ನ ಎಲ್‌ಇಡಿ ಹಾಕಿದರೆ ವರ್ಷಕ್ಕೆ ಸುಮಾರು 158 ಯೂನಿಟ್, ಅಂದರೆ 60 ದಿರ್ಹಾಂ ಉಳಿತಾಯ. ಟ್ಯೂಬ್‌ಗೆ 20 ದಿರ್ಹಾಂ ಎಂದಿಟ್ಟುಕೊಂಡರೆ ನಾಲ್ಕು ತಿಂಗಳಲ್ಲಿ ದುಡ್ಡು ಕೈಗೆ. ಕ್ಯಾಂಪ್ ಕೋಣೆಯ ಹಳೆಯ ಎಸಿ ತೆಗೆದು ಇನ್ವರ್ಟರ್ ಎಸಿ ಹಾಕಿದರೆ, ದಿನಕ್ಕೆ 14 ಗಂಟೆಯಂತೆ 240 ದಿನ ಓಡಿ ಗಂಟೆಗೆ 0.6 ಯೂನಿಟ್ ಉಳಿಯಿತೆಂದುಕೊಳ್ಳಿ, ವರ್ಷಕ್ಕೆ ಸುಮಾರು 766 ದಿರ್ಹಾಂ. ಫಿಟ್ಟಿಂಗ್ ಸೇರಿ 2,600 ಖರ್ಚಾದರೆ ವಾಪಸಾತಿಗೆ ಮೂರೂವರೆ ವರ್ಷ ಹತ್ತಿರ. ಎಕ್ಸೆಲ್‌ನಲ್ಲಿ ಸಾಲಾಗಿ ಜೋಡಿಸಿದರೆ ಟ್ಯೂಬ್ ಮೇಲೆ, ಕ್ಯಾಂಪ್ ಕೆಳಗೆ. ಮೇಲಿನ ಸಾಲುಗಳಲ್ಲೇ ಬಜೆಟ್ ಮುಗಿಯುತ್ತದೆ.

ನಮ್ಮ ತಕರಾರು ಈ ಗಣಿತದ ಬಗ್ಗೆ ಅಲ್ಲ, ಅದರೊಳಗೆ ಸೇರದೆ ಉಳಿದ ಸಂಗತಿಗಳ ಬಗ್ಗೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ಅಷ್ಟು ಕಾಳಜಿ ಹಗಲಿಗಿದೆ. ರಾತ್ರಿಯ ನಿದ್ದೆ ಕೋಣೆಯ ಎಸಿಯ ಕೈಯಲ್ಲಿದೆ. ಅದು ಆಗಸ್ಟ್‌ನಲ್ಲಿ ಕೆಟ್ಟರೆ ತುರ್ತು ರಿಪೇರಿ, ಬಾಡಿಗೆ ಯಂತ್ರ, ಮರುದಿನದ ರಜೆ ಎಲ್ಲವೂ ಖರ್ಚೇ. ಅವು ಬೇರೆ ಖಾತೆಗೆ ಹೋಗುವುದರಿಂದ ಪಟ್ಟಿಯಲ್ಲಿ ಕಾಣುವುದಿಲ್ಲ. ಮೇಲಾಗಿ, 50ಕ್ಕಿಂತ ಹೆಚ್ಚು ಕೆಲಸಗಾರರಿರುವ ಕಂಪನಿ 1,500 ದಿರ್ಹಾಂಗಿಂತ ಕಡಿಮೆ ಸಂಬಳದವರಿಗೆ ವಸತಿ ಕೊಡಬೇಕೆಂಬ ನಿಯಮವಿದೆ. ಆ ವಸತಿಯಲ್ಲಿ ತಲೆಗೆ ಕನಿಷ್ಠ 3 ಚದರ ಮೀಟರ್ ಜಾಗ, ಎಸಿ, ಗಾಳಿ ಬೆಳಕು ಇರಬೇಕು. ಹಾಗಾದರೆ ಸಾಯುತ್ತಿರುವ ಎಸಿಯನ್ನು ಬದಲಿಸುವುದು ಹಸಿರು ಯೋಜನೆಯೇ ಅಲ್ಲ, ಬಾಕಿ ಇರುವ ಕರ್ತವ್ಯ. ಅದನ್ನು ಪಾರ್ಕಿಂಗ್ ದೀಪದ ಜತೆ ಸ್ಪರ್ಧೆಗೆ ಇಳಿಸುವುದೇ ಸರಿಯಲ್ಲ.

ಲಾಭದ ಮಾತಿನಲ್ಲೂ ಕ್ಯಾಂಪ್ ಪರವಾದ ಒಂದು ವಾದವಿದೆ, ಇದನ್ನು ನಮ್ಮಲ್ಲಿ ಅನೇಕರು ಮರೆಯುತ್ತೇವೆ. ಬಾಡಿಗೆ ವಿಲ್ಲಾದಲ್ಲಿ ಕರೆಂಟ್ ಬಿಲ್ ಕಟ್ಟುವುದು ಬಾಡಿಗೆದಾರ. ಮಾಲೀಕ ದುಡ್ಡು ಹಾಕಿದರೂ ಉಳಿತಾಯ ಅವನಿಗೆ ಸಿಗದು. ಕಂಪನಿಯದೇ ಕ್ಯಾಂಪ್‌ನಲ್ಲಿ ಬಿಲ್ ಕಟ್ಟುವುದೂ ಕಂಪನಿಯೇ, ಹಾಗಾಗಿ ಉಳಿದದ್ದೆಲ್ಲ ಅದರದೇ ಜೇಬಿಗೆ. ಕೋಣೆಗಳನ್ನು ಬೇರೆಯವರಿಂದ ಬಾಡಿಗೆಗೆ ಪಡೆದಿದ್ದರೆ ಕಥೆ ಬೇರೆ. ಅಲ್ಲಿ ಕರಾರು ನವೀಕರಿಸುವಾಗಲೇ ಎಸಿ ವಿಷಯ ಬರೆಸಿಕೊಳ್ಳಬೇಕು, ಆಮೇಲೆ ಕೇಳಿದರೆ ಪ್ರಯೋಜನವಿಲ್ಲ.

ದುಡ್ಡಿಲ್ಲ ಎನ್ನುವವರಿಗೂ ದಾರಿ ಇದೆ. ದೇವಾ 2013ರಲ್ಲಿ ಹುಟ್ಟುಹಾಕಿದ ಎತಿಹಾದ್ ಎಸ್ಕೊ 2030ರೊಳಗೆ 30 ಸಾವಿರ ಕಟ್ಟಡಗಳನ್ನು ಸುಧಾರಿಸುವ ಗುರಿ ಹೊಂದಿದೆ. ಇಂಥ ಕರಾರುಗಳಲ್ಲಿ ಗುತ್ತಿಗೆದಾರನೇ ಖರ್ಚು ಹಾಕಿ, ಖಾತರಿಪಡಿಸಿದ ಉಳಿತಾಯದಿಂದ ವಸೂಲು ಮಾಡಿಕೊಳ್ಳುವ ಪದ್ಧತಿ ಇದೆ. ದೊಡ್ಡ ಬಿಲ್ಲಿನ ಕಟ್ಟಡಕ್ಕೆ ಇದು ಸಲೀಸು. ಕ್ಯಾಂಪ್ ಒಂದನ್ನೇ ಕೊಟ್ಟರೆ ಯಾರೂ ಮೂಸಿ ನೋಡಲಿಕ್ಕಿಲ್ಲ, ಟವರ್ ಜತೆ ಕಟ್ಟಿ ಕೊಟ್ಟರೆ ಒಪ್ಪುತ್ತಾರೆ.

ನಾವು ಕೆಲಸ ಮಾಡುವಲ್ಲಿ ಈ ಸಲ ಪಟ್ಟಿಯನ್ನು ಎರಡಾಗಿ ಒಡೆದೆವು. ಕಾನೂನು ಮತ್ತು ಆರೋಗ್ಯದ ಕೆಲಸಗಳು ವಾಪಸಾತಿಯ ಲೆಕ್ಕವಿಲ್ಲದೆ ಒಂದು ಕಡೆ, ಉಳಿದವು ಇನ್ನೊಂದು ಕಡೆ. ಆಡಳಿತ ಮಂಡಳಿ ಒಂದು ಗಂಟೆ ಪ್ರಶ್ನೆ ಕೇಳಿತು. ಕೊನೆಗೆ ಒಪ್ಪಿದ್ದು ಕ್ಯಾಂಪ್‌ನ ಅರ್ಧ ಎಸಿಗಳಿಗೆ, ಅದೂ ಹಳೆಯವಕ್ಕೆ ಮೊದಲು. ಉಳಿದರ್ಧ ಬರುವ ಮೇ ತಿಂಗಳೊಳಗೆ ಆಗಬೇಕೆಂದು ನಡಾವಳಿಯಲ್ಲಿ ಬರೆಸಿದ್ದೇವೆ. ಮುಂದಿನ ಬಾರಿ ಮಗನ ಫೋನ್ ಬಂದಾಗ ಊಟ ಆಯಿತಾ ಎಂದು ಕೇಳುವ ಜತೆಗೆ ಕೋಣೆಯ ಎಸಿ ಹೇಗಿದೆ, ಫಿಲ್ಟರ್ ತೊಳೆದು ಎಷ್ಟು ತಿಂಗಳಾಯಿತು ಎಂದೂ ಕೇಳಿ.