ಮುಚ್ಚಳ ತೆಗೆದರೂ ಹಾರಿಹೋಗದ ಜೇನು

ಕುಶಾಲನಗರ ದಾಟಿ ಮಡಿಕೇರಿಯ ಕಡೆಗೆ ಹೋಗುವಾಗ ನಾವು ನೋಡಿದ ಜೇನು ಫಾರ್ಮಿನ ಹೆಸರು ಇಲ್ಲಿ ಬೇಡ. ಅಂಥವು ಈಗ ಅಲ್ಲೊಂದು ಇಲ್ಲೊಂದು ಇದ್ದೇ ಇವೆ. ಕಳೆದ ವರ್ಷದ ಆಗಸ್ಟ್, ಹಾಸ್ಟೆಲಿನ ಐದು ಮಂದಿ, ತಲೆಗೆ ನೂರು ರೂಪಾಯಿ ಟಿಕೆಟ್. ಮಳೆ ಜಿನುಗುತ್ತಿತ್ತು. ಗೈಡ್ ಹುಡುಗ ಡಬ್ಬಿಯಿಂದ ನಾಲ್ಕು ಸಲ ಹೊಗೆ ಊದಿ, ಪೆಟ್ಟಿಗೆಯ ಮುಚ್ಚಳ ತೆಗೆದು, ನೊಣ ಮುತ್ತಿದ್ದ ಎರಿಯೊಂದನ್ನು ಎತ್ತಿ ಹಿಡಿದ. ಮೊಬೈಲುಗಳೆಲ್ಲ ಮೇಲೆದ್ದವು. "ಯಾರಾದ್ರೂ ಹಿಡ್ಕೊಳ್ತೀರಾ? ಏನೂ ಮಾಡಲ್ಲ." ನಮ್ಮಲ್ಲೊಬ್ಬಳು ಹಿಡಿದಳು. ರೀಲ್ ಆಯಿತು.

ಅದು ಮೆಲ್ಲಿಫೆರಾ. ಯುರೋಪಿನ ಜೇನು, 1960ರ ದಶಕದಲ್ಲಿ ಉತ್ತರ ಭಾರತದಲ್ಲಿ ನೆಲೆಯೂರಿಸಿ, ಆಮೇಲೆ ದೇಶದ ಉಳಿದ ಕಡೆಗೆಲ್ಲ ಒಯ್ದದ್ದು. "ತುಡುವೆ ಇಟ್ಟಿಲ್ವಾ?" ಎಂದು ಕೇಳಿದೆ.

ಹುಡುಗ ನನ್ನ ಮಾತಿನ ಧಾಟಿ ಗುರುತಿಸಿದ. "ಅಕ್ಕ ಸುಳ್ಯದ ಕಡೆಯವ್ರಾ?" ಎಂದು ನಕ್ಕ. ಆಮೇಲೆ ದನಿ ತಗ್ಗಿಸಿ, "ಇಟ್ಟಿದ್ರು ಅಕ್ಕ. ನಿಲ್ಲಲಿಲ್ಲ. ದಿನಕ್ಕೆ ಇಪ್ಪತ್ತು ಸಲ ಮುಚ್ಚಳ ತೆಗೆದ್ರೆ ಅದು ಯಾಕೆ ನಿಲ್ತದೆ? ಹಾರಿಹೋಯ್ತು" ಎಂದ.

ಆ ಪ್ರವಾಸದಲ್ಲಿ ನಾನು ಕೇಳಿದ ನಿಜವಾದ ಮಾತು ಅದೊಂದೇ. ಪ್ರವಾಸ ಕಥನಗಳ ಮೇಲೆ ಪಿಎಚ್‌ಡಿ ಮಾಡುತ್ತಿರುವವಳು ನಾನು. ಪ್ರವಾಸಿಯ ಕಣ್ಣಿಗೆ ತಕ್ಕಂತೆ ಊರುಗಳು ವೇಷ ಬದಲಿಸುತ್ತವೆ ಎಂದು ಒಂದು ಇಡೀ ಅಧ್ಯಾಯ ಬರೆದಿದ್ದೇನೆ. ನಮ್ಮ ಕಣ್ಣಿಗಾಗಿ ಜೇನಿನ ಜಾತಿಯನ್ನೇ ಬದಲಿಸುತ್ತಾರೆಂಬುದು ಆ ಅಧ್ಯಾಯದಲ್ಲಿ ಇರಲಿಲ್ಲ.

ಅಜ್ಜನ ಅಡಿಕೆ ತೋಟದಲ್ಲಿ ತುಡುವೆಯ ಹದಿನೆಂಟು ಪೆಟ್ಟಿಗೆಗಳಿದ್ದವಂತೆ. ತುಡುವೆಯ ಅಳತೆಗೆ ಕಳೆದ ಶತಮಾನದ ಆರಂಭದಲ್ಲಿ ನ್ಯೂಟನ್ ಎಂಬ ಪಾದ್ರಿ ರೂಪಿಸಿದ ಪೆಟ್ಟಿಗೆಗಳು. ಇದ್ದವಂತೆ ಎನ್ನುವುದು ಏಕೆಂದರೆ, ನಾನು ಹುಟ್ಟುವ ಮೊದಲೇ, 1991–92ರ ಹೊತ್ತಿಗೆ, ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂತು. ಮರಿಹುಳುಗಳು ನೀರು ತುಂಬಿದ ಚೀಲದ ಹಾಗಾಗಿ ಕೋಣೆಯೊಳಗೇ ಸಾಯುವ ವೈರಸ್ ರೋಗ. ದಕ್ಷಿಣದಲ್ಲಿ ಸಾಕಿದ್ದ ತುಡುವೆ ಕುಟುಂಬಗಳ ಬಹುಪಾಲು ಆಗ ನಾಶವಾಯಿತು. ಅಜ್ಜ ಹಲವು ವರ್ಷಗಳ ಮೇಲೆ ಮರದ ಪೊಟರೆಯಿಂದ ಹಿಡಿದು ತಂದ ಎರಡು ಕುಟುಂಬಗಳನ್ನಷ್ಟೇ ನಾನು ಕಂಡದ್ದು. ಉಳಿದ ಪೆಟ್ಟಿಗೆಗಳು ಅಟ್ಟದಲ್ಲಿದ್ದವು. ನಾವು ಮಕ್ಕಳು ಅವುಗಳಲ್ಲಿ ಗೋಲಿ ಇಡುತ್ತಿದ್ದೆವು.

ಆ ಎರಡನ್ನು ನೋಡಲು ಅಜ್ಜ ದಿನವೂ ಹೋಗುತ್ತಿದ್ದರು, ಮುಚ್ಚಳ ತೆಗೆಯುತ್ತಿದ್ದುದು ಅಪರೂಪ. ಪಕ್ಕದ ಕಲ್ಲಿನ ಮೇಲೆ ಕುಳಿತು ಪೆಟ್ಟಿಗೆಯ ಬಾಗಿಲು ನೋಡುವರು. ಕಾಲಿಗೆ ಅಂಟಿದ ಪರಾಗದ ಬಣ್ಣ, ಒಳಹೋಗುವವುಗಳ ಅವಸರ, ಹೊರಗೆ ಎಳೆದುಹಾಕಿದ ಸತ್ತ ಮರಿ, ಇಷ್ಟರಲ್ಲೇ ಒಳಗಿನ ಸುದ್ದಿ ತಿಳಿಯುತ್ತಿತ್ತು. ಆಟಿಯ ಮಳೆಯಲ್ಲಂತೂ ಸಂಜೆ ಸಕ್ಕರೆ ಪಾಕ ಇಟ್ಟು ಥಟ್ಟನೆ ಮುಚ್ಚಿಬಿಡುವರು. "ಚಳಿ ಆಗ್ತದೆ ಮಗಾ ಅವಕ್ಕೆ" ಎನ್ನುತ್ತಿದ್ದರು. ಮುದುಕರ ಮಮತೆಯ ಮಾತೆಂದುಕೊಂಡಿದ್ದೆ. ಅದು ಲೆಕ್ಕದ ಮಾತು. ಮರಿಗಳಿರುವ ಎರಿಯನ್ನು ಜೇನುಗಳು ಸುಮಾರು 34–35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯುತ್ತವೆ. ರೆಕ್ಕೆಯ ಸ್ನಾಯುಗಳನ್ನು ಅದುರಿಸಿ ಶಾಖ ಹುಟ್ಟಿಸುತ್ತವೆ. ಅದಕ್ಕೆ ಸೌದೆಯೆಂದರೆ ಕೂಡಿಟ್ಟ ಜೇನುತುಪ್ಪವೇ. ಹೊಗೆ ಊದಿದಾಗ "ಶಾಂತವಾಗುತ್ತವೆ" ಎನ್ನುತ್ತಾರಲ್ಲ, ಅವು ಮನೆಗೆ ಬೆಂಕಿ ಬಿತ್ತೆಂದು ಹೊಟ್ಟೆ ತುಂಬ ತುಪ್ಪ ಹೀರಿಕೊಳ್ಳುತ್ತಿರುತ್ತವೆ. ನಮ್ಮ ರೀಲಿನ ಖರ್ಚು ಟಿಕೆಟಿನ ನೂರು ರೂಪಾಯಿಯಲ್ಲಿ ಮುಗಿಯುವುದಿಲ್ಲ.

ಜೇನು ಸಾಕುವವರೆಲ್ಲ ಮುಚ್ಚಳ ತೆಗೆಯುತ್ತಾರೆ, ತೆಗೆಯಲೇಬೇಕು. ಆ ಹುಡುಗನ ಸಂಬಳವೂ ನಮ್ಮ ಟಿಕೆಟಿನಿಂದಲೇ. ಇವೆರಡನ್ನೂ ಒಪ್ಪುತ್ತೇನೆ. ಒಪ್ಪಲಾರದ್ದು "ಜಾಗೃತಿ" ಎಂಬ ಮಾತನ್ನು. ಅಲ್ಲಿ ಬಾಗಿಲಲ್ಲೇ ಐನ್‌ಸ್ಟೈನ್ ಚಿತ್ರ. ಜೇನು ಅಳಿದರೆ ಮನುಷ್ಯನಿಗೆ ನಾಲ್ಕೇ ವರ್ಷ ಉಳಿಗಾಲ ಎಂದು ಆತ ಹೇಳಿದನಂತೆ. ಹೇಳಿದ್ದಕ್ಕೆ ದಾಖಲೆಯಿಲ್ಲ. ಭತ್ತಕ್ಕೂ ರಾಗಿಗೂ ಜೇನು ಬೇಕಾಗಿಲ್ಲ ಎಂಬುದು ನಮ್ಮ ರೈತರಿಗೆ ಗೊತ್ತು. ಇನ್ನು ಮೆಲ್ಲಿಫೆರಾ ಅಳಿಯುವ ಜಾತಿಯೇನಲ್ಲ, ಲೋಕದ ತುಂಬ ಸಾಕುತ್ತಿರುವ ಜಾನುವಾರು. ಅದನ್ನು ನೋಡಿ ಜೇನನ್ನು ಉಳಿಸಿದೆವೆಂದು ಬೀಗುವುದು, ಎಚ್ಚೆಫ್ ಹಸುವಿನ ಹಾಲು ಕುಡಿದು ಕಾಟಿಯನ್ನು ಉಳಿಸಿದೆ ಎಂದಂತೆ.

ಫಾರ್ಮಿನ ಸುತ್ತಲೂ ಕಾಫಿ ತೋಟ. ರೋಬಸ್ಟಾ ಕಾಫಿಗೆ ಬೇರೆ ಗಿಡದ ಪರಾಗ ಬೇಕು. ಹೂಮಳೆಯ ನಂತರದ ಆ ಕೆಲವೇ ದಿನಗಳಲ್ಲಿ ಹೂಗಳಿಗೆ ಮುತ್ತುವವರಲ್ಲಿ ಹೆಜ್ಜೇನು, ತುಡುವೆ, ಕಣ್ಣಿಗೂ ಸರಿಯಾಗಿ ಕಾಣದ ಮುಜಂಟಿ ಇವೆ. ಗೈಡ್ ಇವುಗಳ ಹೆಸರೆತ್ತಲಿಲ್ಲ. ಹೆಜ್ಜೇನನ್ನು ಪೆಟ್ಟಿಗೆಯಲ್ಲಿ ಇಡಲಾಗದು; ಎತ್ತರದ ಕೊಂಬೆಗೆ ಒಂದೇ ಒಂದು ದೊಡ್ಡ ಎರಿ ಕಟ್ಟಿ, ಕಾಲ ಮುಗಿದಾಗ ಊರು ಬಿಟ್ಟು ಹೋಗುತ್ತದೆ. ಟಿಕೆಟ್ ಹರಿಯುವುದು ಹೇಗೆ?

ಆ ಪ್ರವಾಸದ ನಂತರ, ಈ ವರ್ಷದ ಆರಂಭದಲ್ಲಿ, ನಮ್ಮ ಹಾಸ್ಟೆಲಿನ ನೀರಿನ ಟ್ಯಾಂಕಿನ ಕೆಳಗೆ ಹೆಜ್ಜೇನು ಕಟ್ಟಿತು. ತೆಗೆಸಿ ಎಂದು ವಾರ್ಡನ್‌ಗೆ ಅರ್ಜಿ ಹೋಯಿತು. ಅರ್ಜಿ ಹಿಡಿದು ಕೋಣೆ ಕೋಣೆಗೆ ಓಡಾಡಿದವಳು ಫಾರ್ಮಿನಲ್ಲಿ ಎರಿ ಹಿಡಿದಿದ್ದ ಗೆಳತಿಯೇ. ಹೆದರಿಕೆ ಸುಳ್ಳಲ್ಲ, ಹೆಜ್ಜೇನು ಎದ್ದರೆ ಜೀವಕ್ಕೇ ಅಪಾಯ. ಆದರೆ ಜೇನೆಂದರೆ "ಏನೂ ಮಾಡಲ್ಲ" ಎಂದು ನಮಗೆ ಕಲಿಸಲಾಗಿತ್ತು. ಏನಾದರೂ ಮಾಡಬಲ್ಲ ಜೇನಿನ ಜೊತೆ ಇಪ್ಪತ್ತಡಿ ದೂರದಲ್ಲಿ ಬದುಕುವುದನ್ನು ಯಾವ ಫಾರ್ಮೂ ಕಲಿಸಿರಲಿಲ್ಲ. ರಾತ್ರಿ ಔಷಧಿ ಹೊಡೆದರು. ಬೆಳಿಗ್ಗೆ ಕಸ ಗುಡಿಸುವ ಅಕ್ಕ ಸತ್ತ ನೊಣಗಳನ್ನು ಗೋಣಿಗೆ ತುಂಬುತ್ತಿದ್ದರು. ಆ ಅರ್ಜಿಯಲ್ಲಿ ಒಂಬತ್ತನೆಯ ಸಹಿ ನನ್ನದು.

ಜೇನು ತೋರಿಸಿ ದುಡ್ಡು ಮಾಡುವವರು ಮಾಡಲಿ. ಮಳೆಗಾಲದಲ್ಲಿ ಪೆಟ್ಟಿಗೆ ಮುಚ್ಚಿರಲಿ. ಉಳಿದ ಕಾಲದಲ್ಲಿ ಜನರನ್ನು ಅಜ್ಜನ ಹಾಗೆ ಬಾಗಿಲ ಬಳಿ ಅರ್ಧ ಗಂಟೆ ಕೂರಿಸಲಿ, ಒಂದು ದುರ್ಬೀನು ಕೊಟ್ಟು ಮರದ ಮೇಲಿನ ಹೆಜ್ಜೇನು ತೋರಿಸಲಿ. ಬೇಸರ ಬಂದವರು ಎದ್ದು ಹೋಗುತ್ತಾರೆ, ಹೋಗಲಿ.

ಹೆಜ್ಜೇನು ಹಳೆಯ ಜಾಗ ಹುಡುಕಿ ಮತ್ತೆ ಬರುತ್ತದೆ. ಮೊನ್ನೆ ಟ್ಯಾಂಕಿನ ಕೆಳಗೆ ಅಂಗೈಯಗಲ ಹೊಸ ಎರಿ ಕಂಡಿತು. ಎರಡು ಮೂರು ತಿಂಗಳು ಆ ಕಡೆಯ ಮೆಟ್ಟಿಲು ಮುಚ್ಚಿ, ರಾತ್ರಿ ಅಲ್ಲಿನ ದೀಪ ಆರಿಸಿ ಎಂದು ವಾರ್ಡನ್‌ಗೆ ಬೇರೊಂದು ಅರ್ಜಿ ಬರೆದಿದ್ದೇನೆ. ಈವರೆಗೆ ನಾಲ್ಕು ಸಹಿ ಬಿದ್ದಿವೆ.